ಸತ್ಯವೇದದ ಪ್ರತಿಯೊಂದು ಭಾಗದಿಂದಲೂ ‘ಪಾಠ’ ಕಲಿಯಲೇಬೇಕೇ?

ಸಾಸಿವೆಕಾಳು (ಚರ್ಚೆಯನ್ನು ಆರಂಭಿಸಿದವರು)

ಎಲ್ಲರಿಗೂ ವಂದನೆಗಳು. ನಾವು ಎಂಟು ಹತ್ತು ಮಂದಿ ವಾರಕ್ಕೊಮ್ಮೆ ಸೇರಿ ಸತ್ಯವೇದದ ಒಂದು ಭಾಗವನ್ನು ಓದುತ್ತೇವೆ. ಓದಿ ಮುಗಿದ ಕೂಡಲೇ ಒಬ್ಬೊಬ್ಬರೂ ‘ಈ ಭಾಗದಿಂದ ನಾನು ಕಲಿತ ಪಾಠ’ ಎಂದು ಎರಡು ಮಾತು ಹೇಳಬೇಕೆಂಬುದು ನಮ್ಮ ರೂಢಿ. ಮೊದಮೊದಲು ನನಗೆ ಇದು ತುಂಬಾ ಇಷ್ಟವಾಗುತ್ತಿತ್ತು. ಈಗ ಎರಡು ಸಂಗತಿಗಳಿಂದ ಮನಸ್ಸು ಕಲಕಿದೆ.

ಮೊದಲನೆಯದು, ಕಳೆದ ವರ್ಷ ನನ್ನ ಅಣ್ಣ ಅಪಘಾತದಲ್ಲಿ ತೀರಿಕೊಂಡರು. ಮಣ್ಣು ಮಾಡಿ ಮೂರು ದಿನವೂ ಕಳೆದಿರಲಿಲ್ಲ, ನನ್ನ ಬಗ್ಗೆ ನಿಜವಾದ ಪ್ರೀತಿಯುಳ್ಳ ಹಿರಿಯರೊಬ್ಬರು ಯೆರೆಮೀಯ 29:11ನ್ನು ಕಳುಹಿಸಿ, ದೇವರ ಯೋಚನೆ ಹಿತದ ಯೋಚನೆಯೇ, ಇದರಲ್ಲಿಯೂ ನಿನಗೊಂದು ಪಾಠವಿದೆ ಎಂದು ಬರೆದರು. ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಆ ವಚನವನ್ನು ಅಂದು ಓದಲಾಗದೆ ಫೋನನ್ನು ಕವುಚಿ ಇಟ್ಟೆ.

ಎರಡನೆಯದು, ಹೋದ ತಿಂಗಳು ಓದನ್ನು ನಡೆಸುವ ಸರದಿ ನನ್ನದಾಗಿತ್ತು. ಬಂದ ಭಾಗ ನ್ಯಾಯಸ್ಥಾಪಕರು 11, ಯುದ್ಧದಲ್ಲಿ ಗೆದ್ದರೆ ಮನೆಯಿಂದ ಮೊದಲು ಎದುರುಬರುವುದನ್ನು ದೇವರಿಗೆ ಬಲಿಕೊಡುತ್ತೇನೆಂದ ಯೆಪ್ತಾಹನ ಹರಕೆ ಮತ್ತು ಹಾಗೆ ಎದುರುಬಂದ ಅವನ ಮಗಳ ಕಥೆ. ಓದಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಒಬ್ಬರು, ‘ಮಾತು ಕೊಡುವ ಮೊದಲು ಯೋಚಿಸಬೇಕು ಎಂಬುದೇ ಪಾಠ’ ಎಂದರು, ಎಲ್ಲರೂ ತಲೆಯಾಡಿಸಿದರು. ಒಬ್ಬ ಹುಡುಗಿಯ ಪ್ರಾಣ ಹೋಗಿರುವ ಕಥೆಯಿಂದ ನಾವು ಎತ್ತಿಕೊಂಡಿದ್ದು ಇಷ್ಟೇ ಎನಿಸಿ ನನಗೆ ನಾಚಿಕೆಯಾಯಿತು. ಹಿರಿಯರೂ ಅನುಭವಸ್ಥರೂ ಇಲ್ಲಿ ಇದ್ದೀರಿ. ಪ್ರತಿಯೊಂದು ಭಾಗದಿಂದಲೂ ಬದುಕಿಗೊಂದು ಪಾಠ ತೆಗೆಯಲೇಬೇಕೇ?

ನಿವೃತ್ತ ಸಂಡೇ ಸ್ಕೂಲ್ ಟೀಚರ್

ಮಗಳೇ, ನಿಮ್ಮ ಅಣ್ಣನ ವಿಷಯ ಓದಿ ತುಂಬಾ ನೋವಾಯಿತು. ಆ ಹಿರಿಯರ ಮೇಲೆ ಕೋಪವಿದ್ದರೆ ಇರಲಿ, ಅದು ತಪ್ಪಲ್ಲ.

ಆದರೆ ಪಾಠ ಕಲಿಯುವ ಪದ್ಧತಿಯನ್ನೇ ಬಿಟ್ಟುಬಿಡಬೇಕೆಂಬ ಕಡೆಗೆ ಈ ಮಾತು ಹೋಗಬಾರದೆಂದು ಬರೆಯುತ್ತಿದ್ದೇನೆ. ಪಾಠ ಕಲಿಯಿರಿ ಎಂದು ಹೇಳಿದ್ದು ನಮ್ಮ ಗುಂಪುಗಳಲ್ಲ, ಸತ್ಯವೇದವೇ. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ಸಂಭವಿಸಿದ್ದು ನಮಗೆ ಬುದ್ಧಿವಾದವಾಗಿ ಬರೆಯಲ್ಪಟ್ಟಿದೆ ಎಂದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 10ನೆಯ ಅಧ್ಯಾಯದಲ್ಲಿ ಹೇಳುತ್ತಾನೆ. ರೋಮಾಪುರದವರಿಗೆ 15:4ರಲ್ಲಿಯೂ ಅದೇ ಮಾತಿದೆ. ಅರಸನಾದ ದಾವೀದನು ಬತ್ಷೆಬೆಯ ವಿಷಯದಲ್ಲಿ ಪಾಪ ಮಾಡಿ ಆಕೆಯ ಗಂಡ ಊರೀಯನನ್ನು ಕೊಲ್ಲಿಸಿದ ಮೇಲೆ ಪ್ರವಾದಿ ನಾತಾನನು ಅವನ ಬಳಿಗೆ ಬಂದು ಕಾನೂನಿನ ಮಾತನ್ನೆತ್ತಲಿಲ್ಲ, ಬಡವನೊಬ್ಬನ ಒಂದೇ ಒಂದು ಕುರಿಮರಿಯನ್ನು ಐಶ್ವರ್ಯವಂತನು ಕಿತ್ತುಕೊಂಡ ಕಥೆ ಹೇಳಿದನು. ಕಥೆ ಕೇಳಿ ಸಿಟ್ಟಿಗೆದ್ದ ಅರಸನಿಗೆ, ಆ ಮನುಷ್ಯನು ನೀನೇ ಎಂದನು. ಕಥೆಯಿಂದ ಪಾಠ ಬರುವುದಿಲ್ಲವೆಂದರೆ ಅಂದು ದಾವೀದನು ಪಶ್ಚಾತ್ತಾಪ ಪಡುತ್ತಲೇ ಇರಲಿಲ್ಲ.

ಹಾಗೆಂದು ನಾನೇನೂ ತಪ್ಪು ಮಾಡದವಳಲ್ಲ. ಒಮ್ಮೆ ಗೊಲ್ಯಾತನ ಕಥೆಗೆ ದೊಡ್ಡ ಹಾಳೆಯಲ್ಲಿ ಚಿತ್ರ ಬರೆದು, ದಾವೀದನು ಹಳ್ಳದಿಂದ ಆರಿಸಿಕೊಂಡ ಐದು ಕಲ್ಲುಗಳಿಗೆ ನಂಬಿಕೆ, ಪ್ರಾರ್ಥನೆ, ವಿಧೇಯತೆ, ಧೈರ್ಯ, ತಾಳ್ಮೆ ಎಂದು ಹೆಸರಿಟ್ಟಿದ್ದೆ. ಹಿಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಎದ್ದು ನಿಂತು, ‘ಟೀಚರ್, ಅವನು ಹೊಡೆದದ್ದು ಒಂದೇ ಕಲ್ಲಿನಲ್ಲಿ ಅಲ್ಲವೇ, ಉಳಿದ ನಾಲ್ಕು ಬೇಡವಾದವೇ?’ ಎಂದು ಕೇಳಿದ. ಅಂದಿನಿಂದ ಆ ಚಿತ್ರ ಹೊರಗೆ ಬರಲಿಲ್ಲ.

ಎಮ್ಮಾಹು ದಾರಿಹೋಕ

ಟೀಚರಮ್ಮನವರ ಕಲ್ಲುಗಳ ಕಥೆ ಓದಿ ನಕ್ಕೆ, ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿಯೂ ಅಂಥ ಕಲ್ಲುಗಳಿವೆ. ಸಾಸಿವೆಕಾಳು ಅವರೇ, ನಿಮಗೆ ಬಂದ ವಚನದ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಲು ಅನುಮತಿ ಕೊಡಿ. ಆ ವಚನ ಮಾಡಿದ ಗಾಯಕ್ಕೆ ಆ ಅಧ್ಯಾಯವೇ ಮದ್ದಾದೀತೆಂದು ನನ್ನ ನಂಬಿಕೆ.

ಯೆರೆಮೀಯನ 29ನೆಯ ಅಧ್ಯಾಯ ಒಂದು ಪತ್ರ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರನು ಯೆರೂಸಲೇಮಿನ ಅರಸನನ್ನೂ ರಾಜಮಾತೆಯನ್ನೂ ಅಧಿಕಾರಿಗಳನ್ನೂ ಕಮ್ಮಾರರೇ ಮೊದಲಾದ ಕುಶಲ ಕೆಲಸಗಾರರನ್ನೂ ಸೆರೆಹಿಡಿದು ಒಯ್ದಿದ್ದನು. ದೂರದ ನಾಡಿನಲ್ಲಿ ಕುಳಿತ ಆ ಜನರಿಗೆ ಯೆರೂಸಲೇಮಿನಲ್ಲಿ ಉಳಿದ ಪ್ರವಾದಿ ಬರೆದ ಕಾಗದ ಇದು. ಇದನ್ನು ಓದುವ ಮೊದಲು 28ನೆಯ ಅಧ್ಯಾಯವನ್ನು ಓದಲೇಬೇಕು. ಅಲ್ಲಿ ಹನನ್ಯನೆಂಬ ಇನ್ನೊಬ್ಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರಿಗೆ ನಿಂತು, ಎರಡೇ ವರ್ಷಗಳಲ್ಲಿ ಎಲ್ಲರೂ ಹಿಂದಿರುಗುತ್ತಾರೆ ಎಂದು ಸಾರುತ್ತಾನೆ. ಬಾಬೆಲಿಗೆ ಅಧೀನರಾಗಿರಬೇಕೆಂಬುದರ ಗುರುತಾಗಿ ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗವನ್ನು ಕಿತ್ತು ಮುರಿಯುತ್ತಾನೆ. ಜನರಿಗೆ ಆಗ ಬೇಕಾಗಿದ್ದದ್ದು ಹನನ್ಯನ ಮಾತೇ, ಅದು ತಕ್ಷಣದ ಸಮಾಧಾನ. ಅವನು ಸುಳ್ಳು ಹೇಳಿದ್ದನು, ಅದೇ ವರ್ಷ ಸತ್ತನು.

ಅದಾದ ಮೇಲೆ ಯೆರೆಮೀಯನ ಪತ್ರ ಬರುತ್ತದೆ. ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ, ಮಕ್ಕಳಿಗೆ ಮದುವೆ ಮಾಡಿರಿ, ನಿಮ್ಮನ್ನು ಸೆರೆ ಒಯ್ದ ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಪತ್ರ ಹೇಳುತ್ತದೆ. 10ನೆಯ ವಚನದಲ್ಲಿ ಎಪ್ಪತ್ತು ವರ್ಷಗಳ ಲೆಕ್ಕವಿದೆ. ಹಿತದ ಯೋಚನೆಯ ಮಾತು ಬರುವುದು ಅದರ ನಂತರ. ಅಂದರೆ ಆ ಪತ್ರ ಕೇಳಿದ ವಯಸ್ಕರಲ್ಲಿ ಹೆಚ್ಚಿನವರು ತಾಯ್ನಾಡನ್ನು ಮತ್ತೆ ನೋಡದೆಯೇ ಸಾಯುವವರು, ಅದು ಅವರಿಗೂ ಗೊತ್ತಿತ್ತು. 11ನೆಯ ವಚನ ಬರೆಯಲ್ಪಟ್ಟದ್ದು ಇಂಥ ಜನರಿಗೆ. ಇದನ್ನು ಬೇರೆ ಮಾಡಿ, ಎಲ್ಲವೂ ಬೇಗನೆ ಒಳ್ಳೆಯದಾಗುತ್ತದೆ ಎಂಬರ್ಥದಲ್ಲಿ ದುಃಖಿತರಿಗೆ ಕೊಟ್ಟರೆ, ವಚನ ಯೆರೆಮೀಯನದಾದರೂ ಧ್ವನಿ ಹನನ್ಯನದೇ ಆಗಿಬಿಡುತ್ತದೆ. ಹಿರಿಯರ ಮನಸ್ಸು ಒಳ್ಳೆಯದೇ ಇದ್ದೀತು, ನಾನು ದೂರುತ್ತಿರುವುದು ಓದುವ ಕ್ರಮವನ್ನು.

ಫಿಲಿಪ್ಪಿಯವರಿಗೆ 4:13ಕ್ಕೂ ಇದೇ ಗತಿಯಾಗಿದೆ. ಪರೀಕ್ಷೆಗೆ, ಪಂದ್ಯಕ್ಕೆ, ವ್ಯಾಪಾರಕ್ಕೆ ಹೊರಟವರೆಲ್ಲ ಗೆಲ್ಲುವ ಶಕ್ತಿಯ ವಚನವಾಗಿ ಅದನ್ನು ಹಿಡಿದುಕೊಳ್ಳುತ್ತಾರೆ. ಬರೆದ ಪೌಲನು ಸೆರೆಯಲ್ಲಿದ್ದನು. ಅದರ ಹಿಂದಿನ ವಚನದಲ್ಲಿ ಅವನು ಮಾತನಾಡುತ್ತಿರುವುದು ಹೊಟ್ಟೆ ತುಂಬಿದಾಗಲೂ ಹಸಿದಾಗಲೂ ಸಂತೃಪ್ತನಾಗಿರಲು ಕಲಿತ ಗುಟ್ಟಿನ ಬಗ್ಗೆ. ಸೋತಾಗಲೂ ನಿಲ್ಲುವ ಶಕ್ತಿ ಅದು.

ಒಂದು ಮಾತು ಪ್ರಾಸಂಗಿಕವಾಗಿ: ಈ ವಚನಸಂಖ್ಯೆಗಳನ್ನು ಯೆರೆಮೀಯನೂ ಪೌಲನೂ ನೋಡಿದವರಲ್ಲ. ಇಂದಿನ ಅಧ್ಯಾಯ ವಿಭಾಗ 13ನೆಯ ಶತಮಾನದ ಆರಂಭದ ಸ್ಟೀಫನ್ ಲ್ಯಾಂಗ್ಟನ್ ಅವರಿಗೆ ಸಲ್ಲುವಂಥದ್ದು, ಹೊಸ ಒಡಂಬಡಿಕೆಗೆ ಈಗಿರುವ ವಚನಸಂಖ್ಯೆಗಳನ್ನು ಹಾಕಿದವರು ರಾಬರ್ಟ್ ಎಸ್ಟಿಯೆನ್ ಎಂಬ ಮುದ್ರಕರು, 1551ರಲ್ಲಿ. ಹುಡುಕಲು ಬಹಳ ಅನುಕೂಲ. ಆದರೆ ಕಾಗದವೊಂದರ ನಡುವಿನ ಸಾಲಿಗೆ ನಂಬರು ಬಿದ್ದ ಮೇಲೆ ಅದನ್ನು ಕಿತ್ತು ಗೋಡೆಗೆ ತೂಗುಹಾಕುವುದೂ ಸುಲಭವಾಯಿತು.

ತೋಮನ ತಮ್ಮ

ದಾರಿಹೋಕರೇ, ನೀವು ಬರೆದದ್ದನ್ನು ಒಪ್ಪುತ್ತೇನೆ, ಆದರೆ ಒಂದು ಅನುಮಾನ. ಯೆರೆಮೀಯ 29 ಬಾಬೆಲಿನ ಸೆರೆಯವರದು, ಫಿಲಿಪ್ಪಿ 4 ಪೌಲನದು ಎಂದು ಎಲ್ಲವನ್ನೂ ಅದರದರ ಒಡೆಯರಿಗೆ ಹಿಂದಿರುಗಿಸಿದ ಮೇಲೆ ನನ್ನ ಪಾಲಿಗೆ ಏನು ಉಳಿಯಿತು? ಸಂದರ್ಭ ಸಂದರ್ಭ ಎಂದು ಹೇಳುತ್ತಾ ಹೋದರೆ ಸತ್ಯವೇದವು ಗಾಜಿನ ಪೆಟ್ಟಿಗೆಯೊಳಗಿನ ಹಳೆಯ ನಾಣ್ಯದಂತಾಗುವುದಿಲ್ಲವೇ? ಕಾಯಿಲೆಯಲ್ಲಿ ಮಲಗಿದ್ದಾಗ ನನ್ನ ಅಜ್ಜಿ 23ನೆಯ ಕೀರ್ತನೆಯನ್ನು ಹೇಳಿಕೊಳ್ಳುತ್ತಿದ್ದರು. ಅದರ ಹಿನ್ನೆಲೆಯಾಗಲಿ ಕಾಲವಾಗಲಿ ಅವರಿಗೆ ಗೊತ್ತಿರಲಿಲ್ಲ. ಅವರು ತಪ್ಪಾಗಿ ಓದಿದರೆಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಮೌನವಾಚನ

ನಾನು ಕಥೋಲಿಕ ಸಂಪ್ರದಾಯದವನು, ಆದ್ದರಿಂದ ಪದಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿದ್ದರೆ ಮನ್ನಿಸಿ. ತೋಮನ ತಮ್ಮ ಅವರ ಪ್ರಶ್ನೆ ಧರ್ಮಸಭೆಯಷ್ಟೇ (ಚರ್ಚಿನಷ್ಟೇ) ಹಳೆಯದು. 5ನೆಯ ಶತಮಾನದ ಆರಂಭದಲ್ಲಿ ಮಠವಾಸಿಗಳ ನಡುವೆ ಬದುಕಿದ ಜಾನ್ ಕ್ಯಾಸಿಯನ್ ಅವರು ಜೆರುಸಲೇಮ್ ಎಂಬ ಒಂದೇ ಪದವನ್ನಿಟ್ಟುಕೊಂಡು ಇದಕ್ಕೆ ಉತ್ತರ ಹೇಳಿದರು: ಚರಿತ್ರೆಯಲ್ಲಿ ಅದು ಯೆಹೂದ್ಯರ ನಗರ, ಸಾಂಕೇತಿಕವಾಗಿ ಧರ್ಮಸಭೆ, ನಡತೆಯ ದೃಷ್ಟಿಯಲ್ಲಿ ಮನುಷ್ಯನ ಆತ್ಮ, ನಿರೀಕ್ಷೆಯ ದೃಷ್ಟಿಯಲ್ಲಿ ಸ್ವರ್ಗದ ನಗರ. ನಾವು ಇಲ್ಲಿ ಪಾಠ ಎಂದು ಕರೆಯುತ್ತಿರುವುದು ಈ ನಾಲ್ಕರಲ್ಲಿ ಒಂದು ಮಾತ್ರ, ಮತ್ತು ಅಕ್ಷರಾರ್ಥದ ಅಡಿಪಾಯವಿಲ್ಲದೆ ಅದು ನಿಲ್ಲುವುದಿಲ್ಲ ಎಂದು ಮುಂದಿನ ಗುರುಗಳು ಒತ್ತಿ ಹೇಳಿದರು.

ಹಳಬರೆಲ್ಲ ಎಲ್ಲವನ್ನೂ ಸರಿಯಾಗಿಯೇ ಮಾಡಿದರೆಂದು ನಾನು ವಾದಿಸುತ್ತಿಲ್ಲ. ಸಂತ ಅಗಸ್ಟೀನರು ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಛತ್ರಕ್ಕೆ ಸೇರಿಸಿ ಆರೈಕೆ ಮಾಡಿದ ದಯಾಳುವಾದ ಸಮಾರಿಯದವನ ಸಾಮತಿಯನ್ನು (ಯೇಸು ಹೇಳಿದ ನೀತಿಕಥೆಯನ್ನು) ವಿವರಿಸುವಾಗ ಗಾಯಗೊಂಡವನನ್ನು ಆದಾಮನೆಂದೂ ಛತ್ರವನ್ನು ಧರ್ಮಸಭೆಯೆಂದೂ ಛತ್ರದ ಯಜಮಾನನನ್ನು ಪೌಲನೆಂದೂ ಹೇಳುತ್ತಾರೆ. ಅವರ ಬಗ್ಗೆ ಅಪಾರ ಗೌರವವಿಟ್ಟುಕೊಂಡೇ, ಛತ್ರದ ಯಜಮಾನನವರೆಗೆ ನಾನು ಅವರ ಜೊತೆ ನಡೆಯಲಾರೆ ಎಂದು ಹೇಳಬೇಕಾಗಿದೆ.

ಅಜ್ಜಿಯವರ ವಿಷಯಕ್ಕೆ ಬರುತ್ತೇನೆ. 12ನೆಯ ಶತಮಾನದಲ್ಲಿ ಎರಡನೆಯ ಗುಯಿಗೊ ಎಂಬ ಮಠಾಧಿಪತಿಗಳು ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳ ಏಣಿಯ ಬಗ್ಗೆ ಬರೆದರು. ಓದು ತುತ್ತನ್ನು ಬಾಯಿಗಿಡುತ್ತದೆ, ಮನನ ಅದನ್ನು ಅಗಿಯುತ್ತದೆ, ಪ್ರಾರ್ಥನೆ ರುಚಿಯನ್ನು ಪಡೆಯುತ್ತದೆ, ಧ್ಯಾನವೇ ಆ ಸವಿ ಎಂಬುದು ಅವರ ಹೋಲಿಕೆ. ನಿಮ್ಮ ಅಜ್ಜಿ ಕೀರ್ತನೆಯನ್ನು ವರ್ಷಗಟ್ಟಲೆ ಅಗಿದಿದ್ದರು, ಅದರ ಹಿಂದೆ ಒಂದು ಬದುಕೇ ಇತ್ತು. ಸಾಸಿವೆಕಾಳು ಅವರ ಗುಂಪಿನಲ್ಲಿ ತುತ್ತು ಬಾಯಿಗೆ ಬಿದ್ದ ಕೂಡಲೇ, ರುಚಿ ಹೇಗಿದೆ ಹೇಳಿ ಎಂದು ಸರದಿಯಲ್ಲಿ ಕೇಳುತ್ತಿದ್ದಾರೆ. ತೊಡಕು ಇರುವುದು ಆ ಅವಸರದಲ್ಲಿ ಎಂದು ನನಗನಿಸುತ್ತದೆ.

ಹಾಸಿಗೆಯ ಪಕ್ಕದ ಕುರ್ಚಿ

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನಾನು ರೋಗಿಗಳನ್ನು ಭೇಟಿಮಾಡಿ ಪ್ರಾರ್ಥಿಸುವ ಸೇವೆಯಲ್ಲಿ ಹಲವು ವರ್ಷಗಳಿಂದ ಇದ್ದೇನೆ. ಮೊದಲ ವರ್ಷಗಳಲ್ಲಿ ನಾನು ಆಡಿದ ಮಾತುಗಳಿಗಾಗಿ ಇಂದಿಗೂ ಕ್ಷಮೆ ಕೇಳಬೇಕಾದ ಮನೆಗಳಿವೆ. ನನ್ನನ್ನು ತಿದ್ದಿದ್ದು ಯೋಬನ ಗ್ರಂಥ, ಆಸ್ತಿಯನ್ನೂ ಮಕ್ಕಳನ್ನೂ ಆರೋಗ್ಯವನ್ನೂ ಕಳೆದುಕೊಂಡ ನೀತಿವಂತನೊಬ್ಬನ ಕಥೆ.

ಯೋಬನ ಮೂವರು ಗೆಳೆಯರನ್ನು ನಾವು ಪ್ರಸಂಗಗಳಲ್ಲಿ ಬೈಯುವುದೇ ಹೆಚ್ಚು, ಅವರು ಮಾಡಿದ ಒಳ್ಳೆಯದನ್ನು ಮರೆಯುತ್ತೇವೆ. ಎಲೀಫಜ, ಬಿಲ್ದದ, ಚೋಫರ ಎಂಬ ಈ ಮೂವರೂ ದೂರದಿಂದ ಹೊರಟು ಬಂದು, ಗುರುತು ಸಿಗದಷ್ಟು ಕೆಟ್ಟುಹೋಗಿದ್ದ ಗೆಳೆಯನನ್ನು ಕಂಡು ಗಟ್ಟಿಯಾಗಿ ಅತ್ತು, ಬಟ್ಟೆ ಹರಿದುಕೊಂಡು, ಏಳು ಹಗಲು ಏಳು ರಾತ್ರಿ ಒಂದು ಮಾತನ್ನೂ ಆಡದೆ ಅವನೊಂದಿಗೆ ನೆಲದ ಮೇಲೆ ಕುಳಿತರು. ನಮ್ಮಲ್ಲಿ ಎಷ್ಟು ಮಂದಿ ಅರ್ಧ ಗಂಟೆ ಹಾಗೆ ಕುಳಿತಿದ್ದೇವೆ? ಯೋಬನು ಬಾಯಿಬಿಟ್ಟು ತಾನು ಹುಟ್ಟಿದ ದಿನವನ್ನು ಶಪಿಸಿದಾಗ ಅವರಿಗೆ ತಡೆಯಲಾಗಲಿಲ್ಲ. ಆಗ ಶುರುವಾಯಿತು ಪಾಠ. ದೇವರು ನ್ಯಾಯವಂತನು, ಕಾರಣವಿಲ್ಲದೆ ಯಾರೂ ನಾಶವಾಗುವುದಿಲ್ಲ, ಆದ್ದರಿಂದ ನಿನ್ನಲ್ಲಿ ಏನೋ ಇದೆ, ಅದನ್ನು ಒಪ್ಪಿಕೋ. ಮೂವರೂ ಸರದಿಯ ಮೇಲೆ ಹೇಳಿದ್ದು ಇದನ್ನೇ.

ಅವರ ಮಾತುಗಳು ಬಿಡಿಬಿಡಿಯಾಗಿ ಸುಳ್ಳಲ್ಲ ಎಂಬುದೇ ಭಯಹುಟ್ಟಿಸುವ ವಿಷಯ. ಯೋಬ 5:13ರಲ್ಲಿ ಎಲೀಫಜನು ಆಡಿದ ಮಾತನ್ನು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲಿ ಧರ್ಮಶಾಸ್ತ್ರದ ವಾಕ್ಯವಾಗಿಯೇ ಎತ್ತಿಕೊಳ್ಳುತ್ತಾನೆ. ಆದರೂ 42:7ರಲ್ಲಿ ದೇವರು ಎಲೀಫಜನಿಗೆ ಹೇಳುವುದೇನೆಂದರೆ, ನೀವು ನನ್ನ ವಿಷಯದಲ್ಲಿ ನನ್ನ ದಾಸನಾದ ಯೋಬನಂತೆ ಸರಿಯಾದದ್ದನ್ನು ಮಾತನಾಡಲಿಲ್ಲ ಎಂದು. ಜಗಳವಾಡಿದವನು ಸರಿಯಾಗಿ ಮಾತನಾಡಿದನಂತೆ, ದೇವರ ಪರ ವಹಿಸಿದವರು ತಪ್ಪಿದರಂತೆ! ಸರಿಯಾದ ವಾಕ್ಯವನ್ನು ಸರಿಯಲ್ಲದ ಮನುಷ್ಯನ ತಲೆಗೆ ಕಟ್ಟಿದರೆ ಅದು ಸುಳ್ಳಾಗುತ್ತದೆ ಎಂದು ನನಗೆ ಅರ್ಥವಾದದ್ದು ಇಲ್ಲಿ.

ಇನ್ನೊಂದು ಗಮನಿಸಿ. ಮೊದಲೆರಡು ಅಧ್ಯಾಯಗಳಲ್ಲಿ ಯೋಬನ ಬಗ್ಗೆ ಪರಲೋಕದಲ್ಲಿ ದೇವರಿಗೂ ಸೈತಾನನಿಗೂ ನಡೆದ ಸಂಭಾಷಣೆ ಓದುಗರಾದ ನಮಗೆ ಗೊತ್ತು, ಯೋಬನಿಗೆ ಕೊನೆಯವರೆಗೂ ಯಾರೂ ಅದನ್ನು ಹೇಳುವುದಿಲ್ಲ. 38ನೆಯ ಅಧ್ಯಾಯದಿಂದ ಸುಂಟರಗಾಳಿಯೊಳಗಿಂದ ದೇವರು ಮಾತನಾಡುವಾಗಲೂ ಭೂಮಿಯ ಅಸ್ತಿವಾರ, ಸಮುದ್ರದ ಬಾಗಿಲು, ಕಾಡುಕತ್ತೆ, ಕುದುರೆ, ಗಿಡುಗಗಳ ಬಗ್ಗೆ ಕೇಳುತ್ತಾನೆಯೇ ಹೊರತು, ನಿನ್ನ ಮಕ್ಕಳು ಸತ್ತದ್ದು ಈ ಪಾಠಕ್ಕಾಗಿ ಎಂದು ಹೇಳುವುದಿಲ್ಲ. ಯೋಬನಿಗೆ ಕುರಿ, ಒಂಟೆ, ಎತ್ತು, ಕತ್ತೆಗಳೆಲ್ಲ ಎರಡರಷ್ಟು ಹಿಂದಿರುಗಿದವು. ಮಕ್ಕಳು ಮಾತ್ರ ಮೊದಲಿನಷ್ಟೇ, ಏಳು ಗಂಡು ಮೂರು ಹೆಣ್ಣು. ಇದಕ್ಕೆ ಹಲವರು ಹಲವು ಅರ್ಥ ಹೇಳುತ್ತಾರೆ. ನನಗೆ ಮಾತ್ರ, ಸತ್ತ ಹತ್ತು ಮಂದಿಯ ಜಾಗ ಹಾಗೆಯೇ ಖಾಲಿ ಉಳಿಯಿತೆಂದು ತೋರುತ್ತದೆ.

ಯೇಸುವೂ ಇದೇ ದಾರಿಯಲ್ಲಿ ನಡೆದನು. ಸಿಲೊವಾಮಿನ ಬುರುಜು ಬಿದ್ದು ಸತ್ತ ಹದಿನೆಂಟು ಮಂದಿ ಇತರರಿಗಿಂತ ಹೆಚ್ಚಿನ ಪಾಪಿಗಳೆಂದು ತಿಳಿಯಬೇಡಿರಿ ಎಂದು ಲೂಕ 13ರಲ್ಲಿ ಹೇಳಿದನು. ಅಲ್ಲಿಯೂ ಒಂದು ಎಚ್ಚರಿಕೆಯ ಪಾಠ ಕೊಟ್ಟದ್ದು ನಿಜ, ಆದರೆ ಅದನ್ನು ಎದುರಿಗೆ ನಿಂತು ಕೇಳುತ್ತಿದ್ದವರಿಗೆ ಕೊಟ್ಟನು, ಸತ್ತವರ ಮೇಲೆ ಹೊರಿಸಲಿಲ್ಲ. ಯೋಹಾನ 9ರಲ್ಲಿ ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಗಳೋ ಎಂದು ಶಿಷ್ಯರು ಕೇಳಿದಾಗ ಇಬ್ಬರೂ ಅಲ್ಲವೆಂದನು. ಆ ಕುರುಡನು ಅಲ್ಲಿಯೇ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದನೆಂಬುದನ್ನು ಶಿಷ್ಯರು ಮರೆತಿದ್ದರು. ಹಾಸಿಗೆಯ ಸುತ್ತ ನಿಂತು ಮಾತನಾಡುವ ನಾವೂ ಮರೆಯುತ್ತೇವೆ.

ನಿವೃತ್ತ ಸಂಡೇ ಸ್ಕೂಲ್ ಟೀಚರ್

ಕುರ್ಚಿಯವರೇ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ಒಂದು ಸೇರಿಸಬೇಕಾಗಿದೆ.

ಯೋಸೇಫನ ಕಥೆ ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೆಂಬುದಕ್ಕೆ ಲೆಕ್ಕವಿಲ್ಲ. ಪ್ರತಿ ಸಲವೂ ಕೊನೆಗೆ, ನೀವು ನನಗೆ ಕೇಡನ್ನು ಮಾಡಬೇಕೆಂದಿದ್ದಿರಿ, ದೇವರು ಅದನ್ನು ಒಳ್ಳೆಯದಕ್ಕೆ ತಿರುಗಿಸಿದನು ಎಂಬ ಆದಿಕಾಂಡ 50:20ರ ಅರ್ಥವನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದೆ. ನಿನ್ನೆ ರಾತ್ರಿ ಕುಳಿತು ವರ್ಷಗಳನ್ನು ಕೂಡಿಸಿ ನೋಡಿದೆ. ಅಣ್ಣಂದಿರು ಅವನನ್ನು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರಿದ ಕಥೆ ಆರಂಭವಾಗುವಾಗ ಅವನಿಗೆ 17 ವರ್ಷ. ಐಗುಪ್ತದ ಅರಸ ಫರೋಹನ ಮುಂದೆ ನಿಂತಾಗ 30. ಏಳು ವರ್ಷ ಸುಭಿಕ್ಷ, ಎರಡು ವರ್ಷ ಬರ ಕಳೆದ ಮೇಲೆ, ಅಂದರೆ ಸುಮಾರು 39ರ ವಯಸ್ಸಿನಲ್ಲಿ, ಅಣ್ಣಂದಿರ ಮುಂದೆ ಅತ್ತು, ನನ್ನನ್ನು ಕಳುಹಿಸಿದವನು ದೇವರು ಎಂದು ಮೊದಲ ಸಲ ಹೇಳುತ್ತಾನೆ. ತಂದೆ ಯಾಕೋಬನು ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡ ಮೇಲೆ ನಾನು ಹಲಗೆಯ ಮೇಲೆ ಬರೆಯುತ್ತಿದ್ದ ಆ ಮಾತು ಬರುತ್ತದೆ. ಆಗ ಅವನಿಗೆ 56ರ ಆಸುಪಾಸು.

ಆ ಮಾತನ್ನು ಆಡಿದವನು ಸ್ವತಃ ಯೋಸೇಫನು. ಗುಂಡಿಯೊಳಗಿದ್ದ ಹುಡುಗನಿಗೆ ಮೇಲಿನಿಂದ ಬಗ್ಗಿ ಯಾರೂ ಅದನ್ನು ಹೇಳಲಿಲ್ಲ. ಸೆರೆಮನೆಯಲ್ಲಿ ಅವನಿಂದ ಕನಸಿನ ಅರ್ಥ ತಿಳಿದು ಬಿಡುಗಡೆಯಾದ ಫರೋಹನ ಪಾನದಾಯಕನು ಅವನನ್ನು ಮರೆತುಬಿಟ್ಟು ಇನ್ನೂ ಎರಡು ವರ್ಷ ಸೆರೆಮನೆಯಲ್ಲಿ ಕೊಳೆಯುತ್ತಿದ್ದಾಗ ಯಾರಾದರೂ ಹೋಗಿ ಅದನ್ನು ಹೇಳಿದ್ದರೆ ಅವನು ಏನನ್ನುತ್ತಿದ್ದನೋ! ಇಷ್ಟು ವರ್ಷ ನಾನು ಮಕ್ಕಳಿಗೆ ಉತ್ತರವನ್ನು ಮೊದಲು ಕೊಟ್ಟು ಲೆಕ್ಕವನ್ನು ಆಮೇಲೆ ತೋರಿಸುತ್ತಿದ್ದೆ.

ತೋಮನ ತಮ್ಮ

ಟೀಚರ್, ನಿಮ್ಮ ಕೂಡಿಕೆಯನ್ನು ನಾನೂ ತಾಳೆ ಹಾಕಿ ನೋಡಿದೆ, ಹೊಂದುತ್ತದೆ.

ನನ್ನ ಅನುಮಾನಕ್ಕೆ ಪೂರ್ತಿ ಉತ್ತರ ಸಿಕ್ಕಿತೆಂದು ಹೇಳಲಾರೆ. ಆದರೆ ಪಾಠಗಳಿಗೆಂದೇ ಇರುವ ಜ್ಞಾನೋಕ್ತಿಗಳ ಗ್ರಂಥವನ್ನು ನೋಡೋಣವೆಂದು ತೆರೆದರೆ 26ನೆಯ ಅಧ್ಯಾಯದಲ್ಲಿ ಸಿಕ್ಕಿಬಿದ್ದೆ. 4ನೆಯ ವಚನ, ಮೂಢನಿಗೆ ಅವನ ಮೂಢತನಕ್ಕೆ ತಕ್ಕಂತೆ ಉತ್ತರ ಕೊಡಬೇಡ ಎನ್ನುತ್ತದೆ. 5ನೆಯದು, ಕೊಡು ಎನ್ನುತ್ತದೆ. ಪಕ್ಕಪಕ್ಕದಲ್ಲಿಯೇ! ಎರಡಕ್ಕೂ ಕಾರಣ ಕೊಟ್ಟಿದೆ, ಯಾವಾಗ ಯಾವುದು ಎಂಬುದನ್ನು ಮಾತ್ರ ಬರೆದಿಲ್ಲ. ಪಾಠವನ್ನು ಕೈಗಿತ್ತು, ವಿವೇಕವನ್ನು ನೀನೇ ತಂದುಕೋ ಎಂದು ಕಳುಹಿಸಿದಂತಿದೆ.

ಎಮ್ಮಾಹು ದಾರಿಹೋಕ

ತಮ್ಮಾ, ನಿಮ್ಮ ಪಾಲಿಗೆ ಏನು ಉಳಿಯಿತೆಂದು ಕೇಳಿದ್ದಿರಿ. ಲೂಕ 15ನ್ನು ನೋಡಿ. ಪಾಪಿಗಳ ಸಂಗಡ ಊಟ ಮಾಡುತ್ತಾನೆಂದು ಗೊಣಗಿದ ಫರಿಸಾಯರೆಂಬ ಆಚಾರನಿಷ್ಠರಿಗೂ ಶಾಸ್ತ್ರಿಗಳಿಗೂ ಯೇಸು ಆ ಅಧ್ಯಾಯದ ಸಾಮ್ಯಗಳನ್ನು (ನೀತಿಕಥೆಗಳನ್ನು) ಹೇಳಿದನು. ಕೊನೆಯದರಲ್ಲಿ, ತನ್ನ ಪಾಲಿನ ಆಸ್ತಿಯನ್ನು ದೂರದೇಶದಲ್ಲಿ ಹಾಳುಮಾಡಿದ ಕಿರಿಯ ಮಗ ಹಿಂದಿರುಗಿದ್ದಾನೆ, ಒಳಗೆ ವಾದ್ಯ ನರ್ತನಗಳು ನಡೆದಿವೆ, ಹಿರಿಯ ಮಗ ಸಿಟ್ಟಿನಿಂದ ಹೊರಗೆ ನಿಂತಿದ್ದಾನೆ, ತಂದೆ ಹೊರಗೆ ಬಂದು ಅವನನ್ನು ಬೇಡಿಕೊಳ್ಳುತ್ತಿದ್ದಾನೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಅವನು ಒಳಗೆ ಹೋದನೋ ಇಲ್ಲವೋ ಎಂದು ಲೂಕನು ಬರೆದಿಲ್ಲ. ಅದನ್ನು ಕೇಳಿದ ಫರಿಸಾಯರ ಸಂದರ್ಭವನ್ನು ಬಿಡಿಸಿಕೊಂಡಷ್ಟೂ ಅವರ ಪಕ್ಕದಲ್ಲಿ ನಾನೂ ನಿಂತಿರುವುದು ನನಗೆ ಕಾಣುತ್ತದೆ. ನನ್ನ ಅನುಭವದಲ್ಲಿ ಸಂದರ್ಭವು ದೂರ ಮಾಡುವುದಿಲ್ಲ, ನಿಲ್ಲಬೇಕಾದ ಜಾಗವನ್ನು ತೋರಿಸುತ್ತದೆ.

ಹಾಸಿಗೆಯ ಪಕ್ಕದ ಕುರ್ಚಿ

ಸಾಸಿವೆಕಾಳು ಅವರೇ, ನಿಮ್ಮ ಎರಡನೆಯ ಸಂಗತಿಗೆ ಯಾರೂ ಉತ್ತರಿಸಲಿಲ್ಲ. ಯೆಪ್ತಾಹನ ಕಥೆಯ ಕೊನೆಯ ವಚನವನ್ನು ಇನ್ನೊಮ್ಮೆ ಓದಿ ನೋಡಿ. ಆ ಕನ್ಯೆ ಎರಡು ತಿಂಗಳು ಬೆಟ್ಟಗಳಲ್ಲಿ ಗೆಳತಿಯರೊಂದಿಗೆ ಅತ್ತು ಹಿಂದಿರುಗಿದಳು. ಆಮೇಲೆ ಇಸ್ರಾಯೇಲಿನ ಹೆಣ್ಣುಮಕ್ಕಳು ವರ್ಷಕ್ಕೆ ನಾಲ್ಕು ದಿನ ಆಕೆಗಾಗಿ ಶೋಕಿಸಲು ಹೋಗುವುದು ರೂಢಿಯಾಯಿತು. ಆ ಘಟನೆಗೆ ಅಂದಿನವರು ಏನು ಮಾಡಿದರೆಂದು ಶಾಸ್ತ್ರವೇ ಬರೆದಿಟ್ಟಿರುವುದು ಇದೊಂದನ್ನೇ. ಅವರು ಹೋಗಿ ಅತ್ತರು.

ಸಾಸಿವೆಕಾಳು

ಎಲ್ಲರಿಗೂ ಕೃತಜ್ಞತೆಗಳು. ಕುರ್ಚಿಯವರು ತೋರಿಸಿದ ಆ ವಚನವನ್ನು ಓದುವ ಸರದಿಯ ದಿನ ನಾನೇ ಗಟ್ಟಿಯಾಗಿ ಓದಿದ್ದೆ, ಆದರೂ ಕಣ್ಣಿಗೆ ಬಿದ್ದಿರಲಿಲ್ಲ.

ನಿನ್ನೆ ರಾತ್ರಿ ಯೆರೆಮೀಯ 28ನ್ನೂ 29ನ್ನೂ ಒಂದೇ ಸಲ ಓದಿದೆ. 11ನೆಯ ವಚನದ ಹತ್ತಿರ ಬಂದಾಗ ಕೋಪ ಪೂರ್ತಿ ಹೋಗಿರಲಿಲ್ಲ, ಆದರೆ ನಿಲ್ಲಿಸದೆ ಮುಂದಕ್ಕೆ ಓದಲು ಸಾಧ್ಯವಾಯಿತು. ಎಪ್ಪತ್ತು ವರ್ಷ ಎಂಬ ಮಾತಿನ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತಿದ್ದೆ.

ಬರುವ ವಾರ ನಮ್ಮ ಗುಂಪಿನಲ್ಲಿ 88ನೆಯ ಕೀರ್ತನೆ ಇದೆ. ಕತ್ತಲೆಯಲ್ಲಿಯೇ ಮುಗಿಯುವ ಕೀರ್ತನೆ ಅದು. ಓದು ಮುಗಿದ ಮೇಲೆ ಹತ್ತು ನಿಮಿಷ ಯಾರೂ ಏನೂ ಹೇಳದೆ ಇರೋಣವೇ ಎಂದು ಗುಂಪಿನವರಿಗೆ ಸಂದೇಶ ಕಳುಹಿಸಿದ್ದೇನೆ. ಇಬ್ಬರು ಒಪ್ಪಿದ್ದಾರೆ. ಯೆರೆಮೀಯನ ವಚನ ಕಳುಹಿಸಿದ್ದ ಹಿರಿಯರು ಮಾತ್ರ, ‘ಹತ್ತು ನಿಮಿಷ ಏಕೆ, ಐದು ಸಾಲದೇ?’ ಎಂದು ಕೇಳಿದ್ದಾರೆ. ಏಳು ಎಂದು ಉತ್ತರಿಸಿದ್ದೇನೆ.